ರುದ್ರಾಣಿಯ ಮೂಗು

ಜವರಯ್ಯನ ವೈನರಿಯಲ್ಲಿ ತನ್ನ ಹೆಂಡತಿ ಬಾಯಿ ತೆರೆದ ದಿನದವರೆಗೂ ಗಂಗಾಧರಸ್ವಾಮಿಗೆ ಹೊಟ್ಟೆಕಿಚ್ಚು ಎಂದರೆ ಬೇರೆಯವರಿಗೆ ಬರುವ ಕಾಯಿಲೆ. ಅದರಲ್ಲೂ ತನ್ನನ್ನು ಕಂಡು ಬೇರೆಯವರಿಗೆ ಬರುವ ಕಾಯಿಲೆ ಎಂದು ಅವನು ಒಳಗೊಳಗೇ ನಂಬಿದ್ದ.

ನಂಜನಗೂಡಿನ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವನು ಸಹಾಯಕ. ತೊಂಬತ್ಮೂರನೇ ಇಸವಿಯಲ್ಲಿ ಮಂಗಳೂರು ಕಡೆಯ ಲೆಕ್ಚರರ್ ಒಬ್ಬರು ಕ್ರಿಸ್‌ಮಸ್ಸಿಗೆ ದ್ರಾಕ್ಷಿ ವೈನ್ ಮಾಡುವುದನ್ನು ಪಕ್ಕದಲ್ಲಿ ನಿಂತು ಕಲಿತ. ಲೆಕ್ಚರರಿಗೆ ವರ್ಗವಾಯಿತು, ವಿದ್ಯೆ ಇವನ ಹತ್ತಿರ ಉಳಿಯಿತು. ಪ್ರತಿ ಫೆಬ್ರವರಿಯಲ್ಲಿ ಮೈಸೂರಿನ ಮಾರ್ಕೆಟ್ಟಿನಿಂದ ಕಪ್ಪು ದ್ರಾಕ್ಷಿ ತಂದು, ಹಿಸುಕಿ, ಸಕ್ಕರೆ ಮತ್ತು ಬೇಕರಿಯ ಈಸ್ಟು ಹಾಕಿ ಭರಣಿ ತುಂಬುತ್ತಿದ್ದ. ಲಿಂಗ ಕಟ್ಟಿದ ಮನೆಯೊಳಗೆ ಇಂಥದ್ದು ಬೇಡ ಎಂದು ಹೆಂಡತಿ ರುದ್ರಾಣಿ ಮೊದಲ ವರ್ಷವೇ ಹೇಳಿದ್ದರಿಂದ ಭರಣಿಗಳೆಲ್ಲ ಬಚ್ಚಲ ಹಿಂದಿನ ಸೌದೆ ಕೋಣೆ ಸೇರಿದ್ದವು. ಭಾನುವಾರ ಮಧ್ಯಾಹ್ನ ಗೊಬ್ಬರದಂಗಡಿಯ ನಂಜುಂಡಸ್ವಾಮಿ ಇನ್ನಿಬ್ಬರನ್ನು ಕರೆದುಕೊಂಡು ಬಂದು, ಸ್ಟೀಲ್ ಲೋಟದಲ್ಲಿ ಕುಡಿದು, "ನಿನ್ ಕೈಲಿ ಏನೋ ಅದೆ ಕಣಯ್ಯಾ," ಎಂದು ಹೇಳಿ ಹೋಗುತ್ತಿದ್ದ. ಗಂಗಾಧರಸ್ವಾಮಿಗೆ ಆ ಒಂದು ಮಾತು ಮುಂದಿನ ಭಾನುವಾರದ ತನಕ ಸಾಕಾಗುತ್ತಿತ್ತು. ರುದ್ರಾಣಿ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವಳಲ್ಲ. ರಸ ಸೋಸಿದ ಬಟ್ಟೆಗಳನ್ನು ಒಗೆದು ಹರವುತ್ತಿದ್ದಳು, ಅಷ್ಟೆ.

ಎರಡು ಸಾವಿರದ ಎಂಟರಲ್ಲಿ ಬನ್ನೂರಿನ ಹತ್ತಿರ ಜವರಯ್ಯ ಎಂಬ ಕಬ್ಬಿನ ಬೆಳೆಗಾರ ಲೈಸೆನ್ಸು ತೆಗೆದುಕೊಂಡು ತನ್ನ ಆಲೆಮನೆಯನ್ನೇ ವೈನರಿ ಮಾಡಿದ. ಬೆಲ್ಲದ ಕೊಪ್ಪರಿಗೆ ಇದ್ದ ಕಡೆ ನಾಲ್ಕು ಸ್ಟೀಲ್ ಟ್ಯಾಂಕು ಬಂದವು, ದೊಡ್ಡಬಳ್ಳಾಪುರದಿಂದ ಲಾರಿಯಲ್ಲಿ ದ್ರಾಕ್ಷಿ ಬಂತು. ನಂಜುಂಡಸ್ವಾಮಿಯ ಬಾಯಲ್ಲಿ ಗಂಗಾಧರಸ್ವಾಮಿಯ ಹೆಸರು ಕೇಳಿದ್ದ ಜವರಯ್ಯ, "ಒಂದ್ಸಲ ಬಂದು ರುಚಿ ನೋಡ್ಬುಟ್ಟು ಏಳಿ ಸಾ," ಎಂದು ಫೋನ್ ಮಾಡಿದ. ಅದೇ ವಾರ ಬನ್ನೂರಿನಲ್ಲಿ ರುದ್ರಾಣಿಯ ನೆಂಟರ ಮನೆಯ ನಿಶ್ಚಿತಾರ್ಥವಿತ್ತು. ಊಟ ಮುಗಿಸಿ ಇಬ್ಬರೂ ಹಾಗೇ ವೈನರಿಗೆ ಹೋದರು.

ಗಂಗಾಧರಸ್ವಾಮಿ ಲ್ಯಾಬಿನಿಂದ ತಂದಿದ್ದ, ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು ಬ್ಯಾಗಿನಿಂದ ತೆಗೆದ. ಒಂದೊಂದು ಟ್ಯಾಂಕಿನ ವೈನನ್ನೂ ಲೋಟದಲ್ಲಿ ಆಡಿಸಿ, ಕಣ್ಣು ಮುಚ್ಚಿ ಗುಟುಕರಿಸಿದ. ಮೂರನೆಯದಕ್ಕೆ ಬಂದಾಗ ತಲೆದೂಗಿದ.

"ಫಸ್ಟ್ ಕ್ಲಾಸ್. ಇದರ ಬಾಡಿ, ಅಂದರೆ ಮೈಕಟ್ಟು, ಬಹಳ ಚೆನ್ನಾಗಿದೆ."

ಬಾಗಿಲ ಹತ್ತಿರ ರೇಷ್ಮೆ ಸೀರೆಯ ಸೆರಗನ್ನು ಮೂಗಿಗೆ ಹಿಡಿದು ನಿಂತಿದ್ದ ರುದ್ರಾಣಿ, "ರೀ, ಅದರಲ್ಲಿ ನೆಂದ ಗೋಣಿಚೀಲದ ವಾಸನೆ ಬರ್ತಿದೆಯಲ್ಲಾ," ಎಂದಳು.

ಅವನು ನಕ್ಕುಬಿಟ್ಟ. ಜವರಯ್ಯ ಮಾತ್ರ ನಗಲಿಲ್ಲ. ಮೂರನೇ ಟ್ಯಾಂಕಿಗೆ ರಸ ಹಾಯಿಸಿದ್ದ ಪೈಪು ಶೆಡ್ಡಿನ ಆಚೆ ಮಗ್ಗುಲಲ್ಲಿ ಹಳೇ ಗೋಣಿಚೀಲಗಳ ಮೇಲೆ ಸುರುಳಿ ಸುತ್ತಿ ಬಿದ್ದಿತ್ತು. ಅವನು ಹೋಗಿ ಅದರ ಬಾಯಿಗೆ ಬೆರಳು ತೂರಿಸಿ ತೆಗೆದ. ಬೆರಳ ತುದಿಯಲ್ಲಿ ಕಪ್ಪಗೆ ಬೂಷ್ಟು.

"ಅಕ್ಕಾವ್ರೇ," ಎಂದ ಜವರಯ್ಯ, ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡು. "ಮಿಕ್ಕ ಮೂರ್ನೂವೆ ವಸಿ ನೋಡ್ಬುಡಿ."

ಅವಳು ಗಂಡನ ಮುಖ ನೋಡಿದಳು. ಅವನು ಹೈಡ್ರೋಮೀಟರನ್ನು ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ. ಅವಳು ಒಂದೊಂದಾಗಿ ಲೋಟ ಎತ್ತಿ ಮೂಸಿದಳು. ಒಂದರಲ್ಲಿ ಮಾಗಿದ ನೇರಳೆ ಹಣ್ಣು, ಇನ್ನೊಂದರಲ್ಲಿ ಸ್ವಲ್ಪ ಹಸಿ ತೊಟ್ಟಿನ ಒಗರು ಎಂದಳು. ಅಕ್ಕಿ ಹೊಸದೋ ಹಳೆಯದೋ, ಹಾಲು ಯಾವ ಹಸುವಿನದು ಎಂದು ಮನೆಯಲ್ಲಿ ಹೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ. ಆಮೇಲೆ ಕೈ ತೊಳೆಯಲು ನೀರು ಕೇಳಿದಳು.

ಅಲ್ಲಿಂದ ಮುಂದೆ ಜವರಯ್ಯನ ಓಮ್ನಿ ವ್ಯಾನು ತಿಂಗಳಿಗೆರಡು ಸಲ ನಂಜನಗೂಡಿಗೆ ಬರತೊಡಗಿತು. ಗಂಗಾಧರಸ್ವಾಮಿಯೂ ಜೊತೆಗೆ ಹೋಗುತ್ತಿದ್ದ. ಹೆಂಡತಿಯನ್ನು ಒಬ್ಬಳನ್ನೇ ಕಳಿಸುವುದು ಹೇಗೆ ಎಂಬುದು ಅವನು ಜನರಿಗೆ ಹೇಳುತ್ತಿದ್ದ ಕಾರಣ. ಅಲ್ಲಿ ಅವಳಿಗೆ ಬೆತ್ತದ ಕುರ್ಚಿ, ಇವನಿಗೆ ಪ್ಲಾಸ್ಟಿಕ್ ಸ್ಟೂಲು. ಅವಳು ಮೂಸುವಾಗ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು, ಇವನಿಗೆ ಯಾರೋ ಚಹಾ ತಂದುಕೊಡುತ್ತಿದ್ದರು. ಹದಿನೈದು ವರ್ಷ ಪುಸ್ತಕ ಓದಿ, ಉಷ್ಣಾಂಶ ಬರೆದಿಟ್ಟು, ನಾಲಿಗೆ ಪಳಗಿಸಿದವನು ತಾನು. ಒಂದು ಗುಟುಕನ್ನೂ ಕುಡಿಯದವಳಿಗೆ ಇದು ಎಲ್ಲಿಂದ ಬಂತು? ರಾತ್ರಿಯ ಊಟಕ್ಕೆ ಕೂತರೆ ಅವಳ ಮೂಗೇ ಕಣ್ಣಿಗೆ ಬೀಳುತ್ತಿತ್ತು. ಸಾಧಾರಣ ಮೂಗು, ಎಡಗಡೆ ಕೆಂಪು ಹರಳಿನ ಮೂಗುಬಟ್ಟು. ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಜವರಯ್ಯನ ಫೋನು ಬಂತು. "ಅಕ್ಕಾವ್ರು ಮನೇಲವ್ರಾ ಸಾ? ನಾಳಿಕ್ಕೆ ಬಾಟ್ಲಿಗೆ ತುಂಬ್ಬೇಕು. ಒಂದ್ಗಳಿಗೆ ಬಂದೋದ್ರೆ ಸಾಕಾಗಿತ್ತು."

ರುದ್ರಾಣಿ ಅಡುಗೆಮನೆಯಲ್ಲಿ ಹುರುಳಿ ಹುರಿಯುತ್ತಿದ್ದಳು. ಹುರಿಯುವ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ದೇವನೂರಿಗೆ ಹೋಗಿದಾಳೆ, ತವರಿಗೆ. ಬರೋದು ಹದಿನೈದು ದಿನ ಆಗುತ್ತೆ. ನೀವು ತುಂಬಿ, ಪರವಾಗಿಲ್ಲ," ಎಂದು ರಿಸೀವರ್ ಇಟ್ಟ.

ಜವರಯ್ಯ ತುಂಬಿದ. ತಿಂಗಳೊಳಗೆ ಅರ್ಧಕ್ಕರ್ಧ ಬಾಟಲಿಗಳು ಹುಳಿಯಾದವು. ಸುದ್ದಿ ಕೇಳಿದ ಕ್ಷಣ ಗಂಗಾಧರಸ್ವಾಮಿಗೆ ಖುಷಿಯೇ ಆಯಿತು. ಆದರೆ ಅಲ್ಲಿ ಕೆಲಸ ಮಾಡುವವರೆಲ್ಲ, "ಅಕ್ಕಾವ್ರು ಬಂದಿದ್ದಿದ್ರೆ ಇಂಗಾಯ್ತಿರ್ನಿಲ್ಲ," ಎಂದು ಮಾತಾಡಿಕೊಂಡರು. ಬಂದಾಗಲೂ ಅವಳದೇ ಹೆಸರು, ಬರದಿದ್ದಾಗಲೂ ಅವಳದೇ ಹೆಸರು. ಆ ದಿನ ಅವನು ಆ ಹೆಸರು ಅಳಿಸುವ ತೀರ್ಮಾನ ಮಾಡಿದ.

ಮುಂದಿನ ವರ್ಷ ಮೈಸೂರಿನ ಒಂದು ಹೋಟೆಲಿನವರು ವೈನ್ ಆರಿಸಲು ಬರುತ್ತಾರೆಂದು ಜವರಯ್ಯ ಇಬ್ಬರನ್ನೂ ಕರೆಸಿದ. ಮೇಜಿನ ಮೇಲೆ ನಾಲ್ಕು ಟ್ಯಾಂಕಿನ ನಾಲ್ಕು ಲೋಟ. ಜನ ಹೊರಗೆ ಅಂಗಳದಲ್ಲಿ ಮಾತಾಡುತ್ತಿದ್ದಾಗ ಗಂಗಾಧರಸ್ವಾಮಿ ಬ್ಯಾಗಿನಿಂದ ಒಂದು ಬಾಟಲಿ ತೆಗೆದು ಐದನೇ ಲೋಟ ತುಂಬಿಸಿ ಸಾಲಿನ ಕೊನೆಗಿಟ್ಟ. ಅದು ಅವನ ಸ್ವಂತ ವೈನು, ಆರು ವರ್ಷ ಜತನ ಮಾಡಿದ್ದು. ಇದುವರೆಗೆ ಮಾಡಿದ್ದರಲ್ಲೆಲ್ಲ ಉತ್ತಮ ಎಂದು ಅವನಿಗೆ ಅನಿಸಿದ್ದು. ಅವಳು ಅದನ್ನು ಜವರಯ್ಯನದೆಂದೇ ತಿಳಿದು ಹೊಗಳಬೇಕು, ಆಗ ತಾನು ಎದ್ದು ನಿಂತು ಹೇಳಬೇಕು. ಅವಳ ಹೆಸರು ಹೋಗುತ್ತದೆ, ತನ್ನದು ಬರುತ್ತದೆ. ಹೋಟೆಲಿನವರ ಎದುರಿಗೇ.

ರುದ್ರಾಣಿ ಬಂದು ಕೂತಳು. ನಾಲ್ಕು ಲೋಟದ ಬಗ್ಗೆ ಹೇಳಿದಳು, ಹೋಟೆಲಿನವರು ಬರೆದುಕೊಂಡರು. ಐದನೆಯದನ್ನು ಎತ್ತಿ ಮೂಗಿನ ಹತ್ತಿರ ತಂದವಳು ಅಲ್ಲೇ ತಡೆದಳು. ತಲೆ ಎತ್ತಿ ನೇರವಾಗಿ ಗಂಡನನ್ನು ನೋಡಿದಳು. ಅವನು ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿದ್ದ.

"ಇದು ಹೇಗಿದೆ ಮೇಡಂ?" ಎಂದ ಹೋಟೆಲಿನವನು.

"ಇದು ಇಲ್ಲೀದಲ್ಲ. ಯಾರೋ ಮನೇಲಿ ಮಾಡಿರೋದು," ಎಂದಳು ಅವಳು. "ಹಣ್ಣು ಚೆನ್ನಾಗಿತ್ತು. ಮಾಡಿದೋರಿಗೆ ತಾಳ್ಮೆ ಇಲ್ಲ. ಉಗುರಿಗೆ ಹಚ್ಚೋ ಬಣ್ಣದ ಶೀಶೆ ತೆರೆದಿಟ್ಟ ಹಾಗಿದೆ ವಾಸನೆ, ಹುಳಿಗೆ ತಿರುಗ್ತಿದೆ."

ಹೋಟೆಲಿನವನು ಒಂದು ಗುಟುಕು ಬಾಯಿಗೆ ಹಾಕಿ ಮುಖ ಕಿವುಚಿ ಉಗಿದ. ಎಲ್ಲರೂ ನಕ್ಕರು. "ಇದ್ಯಾರ್ಲಾ ತಂದ್ ಮಡುಗ್ದೋರು?" ಎಂದು ಜವರಯ್ಯ ಕೆಲಸದವರ ಮೇಲೆ ರೇಗಿದ. ಗಂಗಾಧರಸ್ವಾಮಿಯೂ ಉಳಿದವರ ಜೊತೆ ನಗಲು ನೋಡಿದ. ರುದ್ರಾಣಿ ಒಬ್ಬಳೇ ನಗಲಿಲ್ಲ. ಯಾರದೆಂದು ಹೇಳಲೂ ಇಲ್ಲ.

ಹೋಟೆಲಿನವರನ್ನು ಬಿಡಲು ವ್ಯಾನು ಮೈಸೂರಿಗೆ ಹೋಗಿದ್ದರಿಂದ ಇವರಿಬ್ಬರು ಬಸ್ಸಿನಲ್ಲಿ ಹೊರಟರು. ನರಸೀಪುರದ ಸ್ಟ್ಯಾಂಡಿನಲ್ಲಿ ನಂಜನಗೂಡಿನ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಅವನೇ ಮಾತು ತೆಗೆದ.

"ನಂದು ಅಂತ ಗೊತ್ತಾಯ್ತಾ ನಿಂಗೆ?"

"ಹದಿನಾರು ವರ್ಷ ಆ ಬಟ್ಟೆ ಒಗೆದಿದೀನಿ. ಗೊತ್ತಾಗಲ್ವಾ?"

"ಗೊತ್ತಾಗಿಯೂ ಹಾಗೆ ಹೇಳಿದೆ."

"ಹುಳಿನ ಸಿಹಿ ಅಂತ ಹೇಳಲಾ? ಅವರು ನನ್ನ ಕರೆಸೋದು ಅದಕ್ಕಾ?"

"ಮನೇಲಿ ಒಂದು ದಿನವಾದ್ರೂ ಹೇಳಬಹುದಿತ್ತಲ್ಲ."

"ಹೇಳಿದ್ದೆ. ತೊಂಬತ್ತೇಳರಲ್ಲಿ. ದಿನಾ ಮುಚ್ಚಳ ತೆಗೆದು ನೋಡಬೇಡಿ, ಗಾಳಿಯಾಡಿ ಕೆಡುತ್ತೆ ಅಂದೆ. ನೀನು ಹೋಗಿ ಸಾರು ನೋಡ್ಕೋ ಅಂದ್ರಿ."

ಅವನಿಗೆ ನೆನಪಿರಲಿಲ್ಲ. ಆದರೆ ತಾನು ಹಾಗೆ ಅಂದಿರುತ್ತೇನೆ ಎನ್ನುವುದರಲ್ಲಿ ಅನುಮಾನವೂ ಬರಲಿಲ್ಲ. ನಂಜುಂಡಸ್ವಾಮಿ ಅಷ್ಟು ವರ್ಷ ಹೊಗಳಿದ್ದು ಪುಕ್ಕಟೆ ಸಿಗುತ್ತಿದ್ದುದಕ್ಕೋ ಏನೋ ಎಂಬ ಯೋಚನೆ ಮೊದಲ ಬಾರಿಗೆ ಬಂತು. ಅದು ಬಹಳ ನೋಯಿಸಿತು.

ಬಸ್ಸು ಬರುವ ಹೊತ್ತಿಗೆ ರುದ್ರಾಣಿ ಎದ್ದು ಸೆರಗು ಸರಿಮಾಡಿಕೊಂಡಳು. "ಫೋನಿನ ವಿಷಯಾನೂ ಗೊತ್ತು. 'ತವರಲ್ಲಿ ಎಲ್ಲಾ ಚಂದಾಗವ್ರಾ' ಅಂತ ಜವರಯ್ಯನೋರು ಕೇಳಿದ್ರು. ಚೆನ್ನಾಗಿದಾರೆ ಅಂದೆ," ಎಂದಳು. "ಇನ್ನೊಂದು ಸಲ ಹಾಗೆ ಮಾಡಬೇಡಿ. ಪಾಪ, ಅವರ ಅಷ್ಟೊಂದು ವೈನು ಹೋಯ್ತು."

ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಅವಳು ಬೈಯಲಿಲ್ಲ. ನಂಜನಗೂಡು ಬರುವವರೆಗೂ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಮಾರನೆಯ ದಿನ ಲ್ಯಾಬಿನಿಂದಲೇ ಜವರಯ್ಯನಿಗೆ ಫೋನ್ ಮಾಡಿ, ತವರಿಗೆ ಹೋಗಿದ್ದಾಳೆ ಎಂದದ್ದು ಸುಳ್ಳು ಎಂದು ಹೇಳಿದ. "ಅಕ್ಕಾವ್ರ ಮಕ ನೋಡ್ಕಂಡು ಸುಮ್ನಿವ್ನಿ ಸಾ," ಎಂದು ಜವರಯ್ಯ ಫೋನ್ ಇಟ್ಟುಬಿಟ್ಟ.

ಫೆಬ್ರವರಿಯಲ್ಲಿ ಗಂಗಾಧರಸ್ವಾಮಿ ಮತ್ತೆ ದ್ರಾಕ್ಷಿ ತಂದ. ಈ ಸಲ ಹುದುಗಿನ ಮೊದಲ ಕುದಿ ಇಳಿದ ಮೇಲೆ ಭರಣಿಗಳ ಬಾಯಿ ಬಿಗಿದು ಸೌದೆ ಕೋಣೆಯ ಬೀಗದ ಕೈಯನ್ನು ಅವಳಿಗೆ ಕೊಟ್ಟ. ನಲವತ್ತು ದಿನ ಅದನ್ನು ಕೇಳದೆ ಇರುವುದು ಅವನಿಗೆ ಬಹಳ ಕಷ್ಟವಾಯಿತು. ನಲವತ್ತೊಂದನೆಯ ದಿನ ಅದನ್ನು ಕೇಳಿ ಪಡೆದು, ಒಂದು ಲೋಟ ತುಂಬಿ ಹಿಡಿದು ಅಡುಗೆಮನೆಯ ಹೊಸಿಲ ಹೊರಗೆ ನಿಂತ. ಅವಳು ಕೈ ಒರೆಸಿಕೊಂಡು ಬಂದು ಮೂಸಿದಳು.

"ಚೆನ್ನಾಗಿದೆ," ಎಂದಳು. "ಜವರಯ್ಯನೋರ ಎರಡನೇ ಟ್ಯಾಂಕಿನಷ್ಟಿಲ್ಲ. ಆದ್ರೂ ಚೆನ್ನಾಗಿದೆ."

ಅವನ ಹೊಟ್ಟೆಕಿಚ್ಚು ಈಗ ಜವರಯ್ಯನ ಟ್ಯಾಂಕಿನ ಮೇಲೆ ತಿರುಗಿತು.

"ಕಿಟಕಿ ಪಕ್ಕದ ಭರಣಿ ಇನ್ನೂ ಗಟ್ಟಿಯಾಗಿರಬೇಕು ಕಣೇ. ಅದನ್ನೂ ತರ್ಲಾ?"

"ತನ್ನಿ," ಎಂದು ರುದ್ರಾಣಿ ಒಳಗೆ ಹೋಗಿ ಒಲೆ ಸಣ್ಣ ಮಾಡಿ ಬಂದಳು.