ಕಣ್ಣಿಲ್ಲದವಳ ಓಟು

‘‘ಮುದುಕಿ ಕುರುಡಿ ಅದಾಳ್ರಿ ಸಾಹೇಬ್ರ. ಚೀಟಿ ನನ್ನ ಕೈಯಾಗ ಕೊಡ್ರಿ, ನಾ ಒತ್ತತೀನಿ,’’ ಎನ್ನುತ್ತ ತಿರುಪತಿ, ತಿಮ್ಮವ್ವನ ರಟ್ಟೆ ಹಿಡಿದು ಮತಗಟ್ಟೆಯೊಳಗೆ ನೂಕಿದ. ಹೊಸ್ತಿಲು ಎಡವಿ ಅವಳು ಮುಗ್ಗರಿಸಿದಳು. ‘‘ನೆಟ್ಟಗ ನಡಿ, ರಂಡಿ,’’ ಎಂದು ಹಿಂದಿನಿಂದ ಮೊಣಕಾಲಲ್ಲಿ ತಿವಿದ.

ತಿರುಪತಿ ಗೌಡರ ಮನೆಯ ಆಳು. ಸುರಪುರದಾಚೆಯ ಆ ಊರಿಗೆ ಪಂಚಾಯಿತಿ ಚುನಾವಣೆ ಬಂತೆಂದರೆ, ದಲಿತರ ಓಣಿಯ ಕಣ್ಣು ಮಂಜಾದ ಮುದುಕಿಯರನ್ನೆಲ್ಲ ಶಾಲೆಗೆ ಎಳೆತಂದು, ಅವರ ಕಣ್ಣಾಗಿ ತಾನೇ ಒಳಹೊಕ್ಕು, ಗೌಡರ ಮಗ ದೇವುವಿನ ಗುರುತಿಗೆ ಶಿಕ್ಕಾ ಒತ್ತುವುದು ಅವನ ಕೆಲಸ. ಇವತ್ತೂ ಇನ್ನಾರು ಮಂದಿಯನ್ನು ಹೊರಗೆ ಬೇವಿನ ಮರದ ಕೆಳಗೆ ಸಾಲಾಗಿ ಕೂರಿಸಿದ್ದ. ಹಿಂದಿನ ಸಲ ತಿಮ್ಮವ್ವ, ಯಾರಿಗೆ ಒತ್ತಿದೆಯೋ ಎಂದು ಕೇಳಿದ್ದಳು. ಓಟು ಗುಟ್ಟಿನದು, ಯಾರಿಗೂ ಹೇಳಬಾರದೆಂದು ಕಾನೂನೇ ಇದೆ ಎಂದು ಅವನು ಹಲ್ಲು ಕಿಸಿದಿದ್ದ.

ಅವಳು ಆಗ ಸುಮ್ಮನಾಗಿದ್ದಳು. ಸುಮ್ಮನಿರಲಾಗದಂತೆ ಮಾಡಿದ್ದು ಗಂಡ ಯಂಕಣ್ಣನ ಸಾವು. ಎರಡು ವರ್ಷದ ಹಿಂದೆ ಅವನ ಹೆಣ ಹೊತ್ತು ಓಣಿಯವರು ಸುಡುಗಾಡಿಗೆ ಹೋದರೆ ಸುತ್ತಲೂ ತಂತಿ ಬೇಲಿ. ಒಳಗೆ ಮೊಣಕಾಲೆತ್ತರ ಹತ್ತಿ. ಗೌಡರ ಹೊಲ ಅಲ್ಲಿಯವರೆಗೂ ಚಾಚಿಕೊಂಡಿತ್ತು. ಹೆಣವನ್ನು ದಾರಿಯಲ್ಲೇ ಇಳಿಸಿ, ತಿಮ್ಮವ್ವ ಪಂಚಾಯಿತಿ ಮೆಂಬರ್ ದೇವುವಿನ ಮನೆಮುಂದೆ ಹೋಗಿ ಕೈಮುಗಿದು ನಿಂತಳು. ಅವನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

‘‘ನಮ್ಮ ಹೆಣ ಎಲ್ಲಿ ಇಡೂಣ್ರಿ ಗೌಡ್ರ?’’

‘‘ನನ್ನೇನ ಕೇಳ್ತಿ? ನೀನಾ ಓಟ ಹಾಕಿ ಕುಂದರಿಸೀದಿ. ನಿಮ್ಮ ಮುದುಕ್ಯಾರದು ಒಂದ ಓಟೂ ತಪ್ಪಿಲ್ಲ. ಈಗ ಅನುಭವಿಸು.’’

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ತನ್ನ ಓಟು ಯಾರಿಗೆ ಹೋಯಿತೆಂಬುದೇ ಗೊತ್ತಿಲ್ಲದ ತಿಮ್ಮವ್ವ ಹೆಣದ ಕಡೆ ತಿರುಗಿ ನಡೆದಳು. ಕತ್ತಲಾಗುವುದರೊಳಗೆ ಯಂಕಣ್ಣನನ್ನು ಹಳ್ಳದ ದಂಡೆಯಲ್ಲಿ ಹೂತರು. ಮೊದಲ ದೊಡ್ಡ ಮಳೆಗೇ ಮಣ್ಣು ಕೊಚ್ಚಿಹೋಯಿತು. ನಾಯಿಗಳ ಬಾಯಿಂದ ಬಿಡಿಸಿ ತಂದದ್ದನ್ನು ಎರಡನೇ ಸಲ ಹೂಳಬೇಕಾಯಿತು.

ಈ ಸಲ ದೇವುವಿಗೆ ಎದುರಾಗಿ ಅದೇ ಓಣಿಯ ಲಾಲಮ್ಮ ನಿಂತಿದ್ದಳು, ಹತ್ತಿ ಬಿಡಿಸುವ ಕೂಲಿಯವಳು. ಮತ್ತಿಬ್ಬರೂ ಕಣದಲ್ಲಿದ್ದರು. ಚೀಟಿಯಲ್ಲಿ ತನ್ನದು ಮೇಲಿನಿಂದ ಮೂರನೆಯದೆಂದು ಲಾಲಮ್ಮ ಮನೆಮನೆಗೆ ಹೇಳಿ ಹೋಗಿದ್ದಳು. ವಯಸ್ಸಾದವರಿಗೆ, ಅಂಗವಿಕಲರಿಗೆ ಓಟು ಹಾಕಲು ನೆರವಾಗುವ ಸ್ವಯಂಸೇವಕಿಯಾಗಿ ಶಿವಾನಿ ಹೆಸರು ಕೊಟ್ಟಿದ್ದಳು. ಸುರಪುರದಲ್ಲಿ ಬಿ.ಎ. ಮುಗಿಸಿದ ಓಣಿಯ ಹುಡುಗಿ. ಜೊತೆಗೆ ಯಾರೂ ಬರಲೇಬೇಕೆಂದಿಲ್ಲ ಎಂದು ತಿಮ್ಮವ್ವನಿಗೆ ತಿಳಿದದ್ದು ಅವಳಿಂದಲೇ. ಹಳೆಯ ಕ್ಯಾಲೆಂಡರಿನ ಹಾಳೆ ತಂದು, ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ ಮಡಿಸಿ, ಬಿಡಿಸಿದರೆ ನಾಲ್ಕು ಮಂದಿಗೆ ನಾಲ್ಕು ಪಾಲು ಬೆರಳಿಗೆ ಸಿಗುತ್ತವೆಂದು ತೋರಿಸಿದಳು.

‘‘ಯಾರಿಗಿ ಅಂತ ನನ್ನ ಮುಂದೂ ಹೇಳಬ್ಯಾಡ ಆಯಿ,’’ ಅಂದಿದ್ದಳು. ‘‘ಎಷ್ಟನೇದು ಅಂತ ನಿನ್ನ ಬೆರಳಿಗಿ ಗೊತ್ತಿದ್ರ ಸಾಕು.’’

ಎಂಟು ದಿನ ತಿಮ್ಮವ್ವ ಆ ಹಾಳೆಯನ್ನು ಮಡಿಸಿದಳು, ಬಿಡಿಸಿದಳು.

ಈಗ ಮತಗಟ್ಟೆಯಲ್ಲಿ ತಿರುಪತಿಯ ಹಿಡಿತದಿಂದ ರಟ್ಟೆ ಕಿತ್ತುಕೊಂಡು, ತನ್ನ ಸಂಗಡ ಯಾರೂ ಬರುವುದು ಬೇಡವೆಂದಳು. ಅಧಿಕಾರಿಗೆ ರೇಗಿತು. ಹೊರಗೆ ಇಷ್ಟುದ್ದ ಸಾಲು ನಿಂತಿದೆ, ನಿನ್ನ ನಾಟಕ ನೋಡುತ್ತ ಕೂರಲೇ ಎಂದು ಬೈದ. ಅವಳ ಮುಖದ ಮುಂದೆ ಬೆರಳು ಹಿಡಿದು ಎಷ್ಟೆಂದು ಕೇಳಿದ.

‘‘ಕಾಣವಲ್ದುರಿ,’’ ಅಂದಳು ತಿಮ್ಮವ್ವ. ತಿರುಪತಿ ಕಿಸಕ್ಕನೆ ನಕ್ಕ. ಅವಳು ನಗುವಿನ ಕಡೆ ತಿರುಗಿದಳು. ‘‘ಕಾಣಲಾರದ್ದ ಆರ ವರ್ಷಾತು. ಕಾಣಲಾರದಾ ಇವರ ಗೌಡನ ಹೊಲದಾಗ ಹತ್ತಿ ಬಿಡಿಸೀನಿ, ಮೆಣಸಿನಕಾಯಿ ಹರದೀನಿ. ಬೆರಳ ಹರದು ರಕ್ತ ಸುರದಾಗ ಒಬ್ಬ ಸೂಳಿಮಗ ಬಂದು ಕೈ ಹಿಡಿಲಿಲ್ಲ. ಶಿಕ್ಕಾ ಒತ್ತಾಕಷ್ಟ ಇವನ ಕಣ್ಣ ಯಾಕ ಬೇಕ್ರಿ ನನಗ?’’

ಬಾಗಿಲಲ್ಲಿ ನಿಂತಿದ್ದ ಶಿವಾನಿ ನಿಯಮದ ಹಾಳೆಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು. ಒಬ್ಬ ಮನುಷ್ಯ ಒಬ್ಬರಿಗಷ್ಟೇ ಜೊತೆಗಾರ ಆಗಬಹುದು, ಹೊರಗೆ ಇವನಿಗಾಗಿ ಆರು ಮಂದಿ ಕೂತಿದ್ದಾರೆ ಎಂದಳು. ಅಧಿಕಾರಿ ಹಾಳೆ ನೋಡಿದ, ತಿರುಪತಿಯನ್ನು ನೋಡಿದ, ಕೊನೆಗೆ ಚೀಟಿಯನ್ನು, ಮೇಲ್ತುದಿ ಯಾವುದೆಂದು ಮುಟ್ಟಿಸಿ, ತಿಮ್ಮವ್ವನ ಕೈಗೇ ಇಟ್ಟ.

ಮರೆಯೊಳಗೆ ಅವಳು ಮಡಿಸಿದಳು, ಬಿಡಿಸಿದಳು. ಎಡಗೈ ಹೆಬ್ಬೆರಳನ್ನು ಮೂರನೇ ಪಾಲಿನ ಅಂಚಿಗೆ ಊರಿ, ಶಿಕ್ಕಾ ಒತ್ತಿದಳು. ‘‘ಆತೇನಬೇ?’’ ಎಂದು ಅಧಿಕಾರಿ ಎರಡು ಸಲ ಕೂಗಿದ. ಅವಳು ಅವಸರ ಮಾಡಲಿಲ್ಲ. ಪೆಟ್ಟಿಗೆಯ ಸೀಳನ್ನು ಬೆರಳಲ್ಲಿ ತಡವಿ, ಚೀಟಿ ಒಳಗೆ ಬಿದ್ದದ್ದು ಖಾತ್ರಿಯಾದ ಮೇಲೆ ಹೊರಗೆ ಬಂದಳು.

ತಿರುಪತಿಯನ್ನು ಆ ದಿನ ಆ ಆರು ಮಂದಿಯಲ್ಲಿ ಒಬ್ಬಳ ಜೊತೆ ಮಾತ್ರ ಒಳಗೆ ಹೋಗಲು ಬಿಟ್ಟರು. ಇಬ್ಬರು ತಾವಾಗಿ ಹೋಗಿ ಒತ್ತಿ ಬಂದರು. ಉಳಿದ ಮೂವರು ಗೌಡರಿಗೆ ಹೆದರಿ, ಓಟು ಹಾಕದೆ ಮನೆಗೆ ತಿರುಗಿದರು. ಮರುದಿನದಿಂದ ಗೌಡರ ಟ್ರ್ಯಾಕ್ಟರು ಕೂಲಿಗೆ ಕರೆಯಲು ಓಣಿಗೆ ಬರಲಿಲ್ಲ.

ಎಣಿಕೆಯಲ್ಲಿ ದೇವು ಒಂಬತ್ತು ಓಟಿನಿಂದ ಗೆದ್ದ.

ಮೆರವಣಿಗೆ ಬೇಕೆಂದೇ ದಲಿತರ ಓಣಿಗೆ ಬಂತು. ಮುಂದೆ ಹಲಗಿ ಬಡಿಯುತ್ತಿದ್ದವರು ಅದೇ ಓಣಿಯವರು. ತಿಮ್ಮವ್ವ ಬಾಗಿಲಲ್ಲಿ ಕೂತಿದ್ದಳು. ದೇವು ಜೀಪಿನಿಂದ ಇಳಿದು ಬಂದು ಹಿಡಿ ಗುಲಾಲನ್ನು ಅವಳ ಮುಖಕ್ಕೆ ತಿಕ್ಕಿದ.

‘‘ತಗೊ ಮುದುಕಿ. ಈ ಸಲಾನೂ ನೀನಾ ಆರಿಸಿ ತಂದೀದಿ ನನ್ನ.’’

ಗುಲಾಲು ಮೂಗಿಗೆ, ಬಾಯಿಗೆ ಹೊಕ್ಕಿತು. ಅವಳು ಒರೆಸಿಕೊಳ್ಳಲಿಲ್ಲ. ಗಾಳಿಯಲ್ಲಿ ತಡಕಾಡಿ ಅವನ ಮಣಿಕಟ್ಟನ್ನು ಹಿಡಿದುಕೊಂಡಳು.

‘‘ನಾ ನಿನಗ ಹಾಕಿಲ್ಲ.’’

ದೇವು ನಗುತ್ತ ಕೈ ಎಳೆದುಕೊಂಡ. ಕೈ ಬರಲಿಲ್ಲ. ಅವಳು ಇಡೀ ಓಣಿಗೆ ಕೇಳುವಂತೆ ಗಂಟಲೆತ್ತಿದಳು.

‘‘ಕೇಳ್ರಿ ಎಲ್ಲಾರೂ. ನನ್ನ ಕೈಲೆ ನಾ ಒತ್ತೀನಿ. ಈ ಹಲ್ಕಟಗ ಒತ್ತಿಲ್ಲ.’’

ಒಂದು ಹಲಗಿ ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ತಿರುಪತಿ ಓಡಿಬಂದು ಅವಳ ಬೆರಳುಗಳನ್ನು ಹಿಡಿದು ತಿರುಚತೊಡಗಿದ. ಒಂದು ಬೆರಳು ಬಿಡಿಸುವಷ್ಟರಲ್ಲಿ ಮತ್ತೊಂದು ಬಿಗಿಯುತ್ತಿತ್ತು.