ನಡುವಿನ ಚೆಂಡು

ನಮ್ಮ ದೇಶದ ಟೆನಿಸ್ ತಂಡದಲ್ಲಿ ನಾಲ್ಕು ಜನ ಆಟಗಾರರು. ಅವರಲ್ಲಿ ಇಬ್ಬರು ನನ್ನ ಅಳಿಯಂದಿರು. ತಂಡದ ನಾಯಕ ನಾನು. ಇದನ್ನು ಕೇಳಿದವರು ಒಂದು ಥರ ನಗುತ್ತಾರೆ. ಆದರೆ ಕಾರ್ಯಕಾರಣ ಸಂಬಂಧ ಅವರು ಅಂದುಕೊಂಡಂತಿಲ್ಲ. ಅಳಿಯಂದಿರೆಂದು ನಾನು ಅವರನ್ನು ತಂಡಕ್ಕೆ ಸೇರಿಸಿಕೊಳ್ಳಲಿಲ್ಲ. ತಂಡದಲ್ಲಿದ್ದ ಕಾರಣ ಅಭ್ಯಾಸ ಮುಗಿಸಿ ನಮ್ಮ ಮನೆಗೆ ಬರುತ್ತಿದ್ದರು. ಬಂದವರು ಕಾಫಿ ಕುಡಿದು ಹೊರಡಬೇಕಿತ್ತು, ಹೊರಡಲಿಲ್ಲ. ಮೊದಲು ದೊಡ್ಡ ಮಗಳ ಮದುವೆಯಾಯಿತು, ಆಮೇಲೆ ಚಿಕ್ಕವಳದು.

ದೊಡ್ಡಳಿಯ ಬ್ಯಾಂಕಿನಲ್ಲಿ ಅಧಿಕಾರಿ. ಉದ್ದಕ್ಕೆ, ತೆಳ್ಳಗೆ, ಬಲಗೈ ಆಟ. ಚಿಕ್ಕಳಿಯ ಹಲ್ಲಿನ ಡಾಕ್ಟರು. ಗಿಡ್ಡ, ಗಟ್ಟಿಮುಟ್ಟು, ಎಡಗೈ ಆಟ. ಇಬ್ಬರೂ ಒಂದೇ ಕಟ್ಟಡದಲ್ಲಿ ಬಾಡಿಗೆಗಿದ್ದಾರೆ, ದೊಡ್ಡವನು ಮೇಲೆ, ಚಿಕ್ಕವನು ಕೆಳಗೆ. ಹೀಗಾಗಿ ನಾನು ಮತ್ತು ನನ್ನ ಹೆಂಡತಿ ನಮ್ಮೊಳಗೇ ಅವರನ್ನು ಮೇಲ್ಮಹಡಿ, ಕೆಳಮಹಡಿ ಎಂದು ಕರೆಯುತ್ತೇವೆ. ಅವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾದದ್ದು ಹೇಗೆಂದು ಮುಂದೆ ಬರುತ್ತದೆ.

ಜೋಡಿಯಾಗಿ ಅವರು ಚೆನ್ನಾಗಿಯೇ ಆಡುತ್ತಿದ್ದರು, ಮಾತು ಬಿಡುವ ತನಕ.

ಮಾತು ಬಿಟ್ಟದ್ದು ನನ್ನ ಹೆಂಡತಿಯಿಂದಾಗಿ, ಅಂದರೆ ಅವಳ ತಪ್ಪೇನೂ ಇಲ್ಲದೆ. ತಂಗಿಯ ಊರಿನಿಂದ ರೈಲಿನಲ್ಲಿ ಬರುತ್ತಿದ್ದವಳು ಇಬ್ಬರು ಹೆಣ್ಣುಮಕ್ಕಳಿಗೂ ಫೋನು ಮಾಡಿ, "ನಿಮ್ಮನೆಯವರಲ್ಲಿ ಯಾರಾದ್ರೂ ಒಬ್ಬರು ಸ್ಟೇಷನ್ನಿಗೆ ಬರ್ಲಿ" ಅಂದಿದ್ದಳು. ಯಾರೂ ಹೋಗಲಿಲ್ಲ.

"ಅವನ ಕ್ಲಿನಿಕ್ ಸ್ಟೇಷನ್ ಎದುರಿಗೇ ಇದೆಯಲ್ಲ ಮಾವ. ಅವನೇ ಹೋಗ್ತಾನೆ ಅಂದ್ಕೊಂಡೆ" ಎಂದ ದೊಡ್ಡವನು.

"ನನ್ನ ಹತ್ರ ಇರೋದು ಸ್ಕೂಟರು ಮಾವ. ಅತ್ತೆ ಜೊತೆ ಎರಡು ಟ್ರಂಕು. ಕಾರು ಇರೋರು ಹೋಗ್ತಾರೆ ಅಂದ್ಕೊಂಡೆ" ಎಂದ ಚಿಕ್ಕವನು.

ಕಾಲೇಜಿನಲ್ಲಿ ಬಹಳ ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಎರಡೂ ತರ್ಕಗಳನ್ನು ತಿರುಗಿಸಿ ಮುರುಗಿಸಿ ನೋಡಿದೆ. ಎರಡೂ ಸರಿಯಾಗಿದ್ದವು. ತೊಂದರೆ ಅದೇ. ಒಬ್ಬನದು ತಪ್ಪಾಗಿದ್ದರೆ ಅವನು ಕ್ಷಮೆ ಕೇಳಿ ಮುಗಿಸಬಹುದಿತ್ತು.

ನನ್ನ ಹೆಂಡತಿಗೆ ಸಿಟ್ಟೇ ಇರಲಿಲ್ಲ. ತರಕಾರಿ ಸಾಗಿಸುವ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಡ್ರೈವರನ ಸಂಸಾರದ ಕಥೆ ಕೇಳಿ, ಒಂದು ಹೂಕೋಸು ಉಡುಗೊರೆ ಪಡೆದು ಖುಷಿಯಾಗಿ ಮನೆಗೆ ಬಂದಿದ್ದಳು. ಆದರೆ ಅಷ್ಟರಲ್ಲಿ ಕಟ್ಟಡದ ಮೆಟ್ಟಿಲ ಮೇಲೆ ಮಾತಿಗೆ ಮಾತು ಬೆಳೆದಿತ್ತು.

"ದಿನವೆಲ್ಲ ಬೇರೆಯವರ ಬಾಯಿ ನೋಡ್ಕೊಂಡಿರೋನಿಗೆ ತನ್ನ ಬಾಯಿ ಮೇಲೆ ಹಿಡಿತ ಇರಲ್ಲ" ಎಂದನಂತೆ ಮೇಲ್ಮಹಡಿ.

"ಕೇಳಿದ್ದಕ್ಕೆಲ್ಲ 'ಪಕ್ಕದ ಕೌಂಟರಿಗೆ ಹೋಗಿ' ಅಂದು ಅಂದು ಅಭ್ಯಾಸ ಆಗೋಗಿದೆ ಇವರಿಗೆ" ಎಂದನಂತೆ ಕೆಳಮಹಡಿ.

ಅಲ್ಲಿಗೆ ಮುಗಿಯಿತು. ಹೆಣ್ಣುಮಕ್ಕಳು ಕದ್ದುಮುಚ್ಚಿ ಮಾತಾಡಿಕೊಳ್ಳುತ್ತಿದ್ದರು, ಆದರೆ ಒಲೆಯ ವಿಷಯದಲ್ಲಿ ಮಾತ್ರ ಗಂಡಂದಿರ ಪಕ್ಷ. ಭಾನುವಾರ ಎಲ್ಲರೂ ಒಟ್ಟಿಗೆ ಮಾಡುತ್ತಿದ್ದ ಊಟ ಎರಡಾಯಿತು. ನಾನು, ನನ್ನ ಹೆಂಡತಿ ಮೊದಲು ಮೇಲೆ ಊಟ ಮಾಡಿ, ಮೆಟ್ಟಿಲಿಳಿದು, ಹಸಿದವರಂತೆ ಮುಖ ಮಾಡಿಕೊಂಡು ಕೆಳಗೆ ಇನ್ನೊಮ್ಮೆ ಉಣ್ಣುವುದು. ಒಂದು ಕಡೆ ಕಡಿಮೆ ತಿಂದರೆ "ಅಲ್ಲಿ ಹೊಟ್ಟೆ ತುಂಬಾ ತಿಂದ್ಕೊಂಡು ಬಂದ್ರಾ?" ಎಂದು ಕಣ್ಣಲ್ಲಿ ನೀರು. ನನ್ನ ಬೆಲ್ಟಿಗೆ ಹೊಸ ತೂತು ಹೊಡೆಸಬೇಕಾಯಿತು.

"ಇವರಿಬ್ಬರೂ ರಾಜಿ ಆಗೋ ಹೊತ್ತಿಗೆ ನಾವಿಬ್ಬರೂ ಒಡೆದು ಹೋಗಿರ್ತೀವಿ" ಎಂದಳು ನನ್ನ ಹೆಂಡತಿ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ.

ಈ ಪರಿಸ್ಥಿತಿಯಲ್ಲಿ ದೇಶ ದೇಶಗಳ ನಡುವಿನ ಪುರುಷರ ತಂಡಗಳ ಟೆನಿಸ್ ಪಂದ್ಯಾವಳಿ ಬಂತು. ನಾವಿರುವುದು ಕೆಳಗಿನಿಂದ ಎರಡನೆಯ ಗುಂಪಿನಲ್ಲಿ. ಇಬ್ಬರು ಸಿಂಗಲ್ಸ್ ಆಡುತ್ತಾರೆ, ಕೊನೆಗೆ ಒಂದು ಡಬಲ್ಸ್. ಮೂರರಲ್ಲಿ ಎರಡು ಗೆದ್ದ ದೇಶ ಉಳಿಯುತ್ತದೆ, ಸೋತದ್ದು ತೀರ ಕೆಳಗಿನ ಗುಂಪಿಗೆ ಇಳಿಯುತ್ತದೆ. ಸೋತರೆ ಈ ಜೋಡಿಯನ್ನು ಕೈಬಿಟ್ಟು ಎಳೆಯರಿಗೆ ಅವಕಾಶ ಕೊಡುವುದಾಗಿ ಸಂಘದ ಕಾರ್ಯದರ್ಶಿ ಮೊದಲೇ ಹೇಳಿದ್ದರು. ದೇಶ ಕೆಳಗಿಳಿದರೆ ಮುಂದೊಂದು ದಿನ ಮೇಲೆ ಹತ್ತಬಹುದು. ನನ್ನ ಚಿಂತೆ ಅದಲ್ಲ. ಈ ಇಬ್ಬರು ಒಟ್ಟಿಗೆ ನಿಲ್ಲುವ ಜಾಗವೆಂದು ಉಳಿದಿದ್ದದ್ದು ಟೆನಿಸ್ ಅಂಗಳವೊಂದೇ. ಅದೂ ಹೋದರೆ ಇನ್ನು ಅವರು ಸೇರುವುದು ನನ್ನ ಶವಯಾತ್ರೆಯಲ್ಲಿ. ಅಲ್ಲೂ ಒಬ್ಬ ಮುಂದೆ, ಒಬ್ಬ ಹಿಂದೆ ಹೆಗಲು ಕೊಟ್ಟು, "ಮಾವ, ಅವರಿಗೆ ಹೇಳಿ, ಸ್ವಲ್ಪ ನಿಧಾನಕ್ಕೆ ನಡೀಲಿ" ಎಂದು ನನ್ನನ್ನೇ ಎಬ್ಬಿಸುತ್ತಾರೆ.

ಸಿಂಗಲ್ಸಿನಲ್ಲಿ ಒಂದು ಗೆದ್ದೆವು, ಒಂದು ಸೋತೆವು. ಎಲ್ಲ ಡಬಲ್ಸಿಗೆ ಬಂದು ನಿಂತಿತು.

ಇಲ್ಲಿ ಒಂದು ಸಣ್ಣ ಜ್ಯಾಮಿತಿ ಹೇಳಬೇಕು. ಡಬಲ್ಸಿನಲ್ಲಿ ಇಬ್ಬರ ನಡುವೆ ಬಂದ ಚೆಂಡನ್ನು ಯಾರು ಹೊಡೆಯಬೇಕು? ಸಾಮಾನ್ಯವಾಗಿ, ಯಾರಿಗೆ ಅದು ಆಡುವ ಕೈಯ ಬದಿಗೆ ಬಂದು ಫೋರ್‌ಹ್ಯಾಂಡ್ ಆಗುತ್ತದೋ ಅವರು. ಆದರೆ ನಮ್ಮಲ್ಲಿ ಬಲಗೈಯವನು ಬಲಕ್ಕೆ, ಎಡಗೈಯವನು ಎಡಕ್ಕೆ ನಿಲ್ಲುತ್ತಾನೆ. ಹಾಗಾಗಿ ನಡುವಿನ ಚೆಂಡು ಇಬ್ಬರಿಗೂ ಬ್ಯಾಕ್‌ಹ್ಯಾಂಡೇ. ಅದು ಯಾರದ್ದೂ ಅಲ್ಲ. "ನಂದು" ಎಂದು ಒಬ್ಬ ಕೂಗಿದರೆ ಮಾತ್ರ ಅವನದಾಗುತ್ತದೆ. ಕೂಗುವುದೂ ಒಂದು ಮಾತೇ. ಇವರು ಮಾತು ಬಿಟ್ಟಿದ್ದರು.

ಎದುರಾಳಿಗಳು ಇದನ್ನು ಬೇಗ ಪತ್ತೆ ಹಚ್ಚಿದರು. ಒಂದು ಚೆಂಡು ನಡುವೆ ಬಂತು. ಮೇಲ್ಮಹಡಿ ಕೆಳಮಹಡಿಯನ್ನು ನೋಡಿದ. ಕೆಳಮಹಡಿ ಮೇಲ್ಮಹಡಿಯನ್ನು ನೋಡಿದ. ಚೆಂಡು ಇಬ್ಬರನ್ನೂ ನೋಡುತ್ತಾ ಹಿಂದಿನ ಬೇಲಿಗೆ ಹೋಯಿತು. ಆಮೇಲೆ ಎದುರಾಳಿಗಳು ಬೇರೆಲ್ಲೂ ಹೊಡೆಯಲೇ ಇಲ್ಲ. ಮೊದಲ ಸೆಟ್ ನಾನು ನೀರಿನ ಬಾಟಲಿ ತೆರೆಯುವಷ್ಟರಲ್ಲಿ ಹೋಗಿತ್ತು.

ಈ ಪಂದ್ಯಾವಳಿಯಲ್ಲಿ ನಾಯಕ ಅಂಗಳದ ಪಕ್ಕದಲ್ಲೇ ಕೂತು, ಆಟಗಾರರು ಬದಿ ಬದಲಿಸುವಾಗ ಮಾತಾಡಬಹುದು. ಬೆಂಚಿನಲ್ಲಿ ನನ್ನ ಬಲಕ್ಕೊಬ್ಬ, ಎಡಕ್ಕೊಬ್ಬ ಕೂತರು.

"ಮಾವ, ಅವನಿಗೆ ಹೇಳಿ, ನೆಟ್ ಹತ್ರ ಬರೋಕೆ."

"ಮಾವ, ಅವರಿಗೆ ಹೇಳಿ, ನಾನು ಬಂದೇ ಇದ್ದೀನಿ, ಕಣ್ಣು ಬಿಟ್ಟು ನೋಡೋಕೆ."

"ಇಬ್ಬರಿಗೂ ಕೇಳಿಸ್ತಲ್ರಪ್ಪಾ!"

"ನೀವು ಹೇಳಿ ಮಾವ" ಎಂದರು ಇಬ್ಬರೂ. ಆ ಹೊತ್ತಿನವರೆಗೆ ಅವರು ಜೊತೆಯಾಗಿ ಮಾಡಿದ ಕೆಲಸ ಅದೊಂದೇ.

ನಾನು ಒಂದು ಸೂತ್ರ ಕೊಟ್ಟೆ. ಬೆಸ ಸಂಖ್ಯೆಯ ಗೇಮಿನಲ್ಲಿ ನಡುವಿನ ಚೆಂಡು ದೊಡ್ಡವನದು, ಸಮ ಸಂಖ್ಯೆಯದರಲ್ಲಿ ಚಿಕ್ಕವನದು. ಮಾತೇ ಬೇಡ, ಎಣಿಕೆ ಸಾಕು. ಸೂತ್ರ ಕೆಲಸ ಮಾಡಿತು. ಎರಡನೆಯ ಸೆಟ್ ಗೆದ್ದೆವು. ವಿಜ್ಞಾನದ ಬಗ್ಗೆ ನನಗಿದ್ದ ಗೌರವ ಇನ್ನೂ ಸ್ವಲ್ಪ ಹೆಚ್ಚಿತು.

ಮೂರನೆಯ ಸೆಟ್ ಸಮಸಮವಾಗಿ ಸಾಗಿ, ಆರು-ಆರು ಗೇಮುಗಳಾಗಿ ಟೈಬ್ರೇಕಿಗೆ ಬಂತು. ಅಲ್ಲಿ ನನ್ನ ಸೂತ್ರ ಕುಸಿಯಿತು. ಟೈಬ್ರೇಕ್ ಪೂರ್ತಿ ಒಂದೇ ಗೇಮು, ಅದು ಹದಿಮೂರನೆಯದು, ಬೆಸ, ಆದ್ದರಿಂದ ನಡುವಿನ ಚೆಂಡುಗಳೆಲ್ಲ ತನ್ನವು ಎಂದು ಮೇಲ್ಮಹಡಿ ತಿಳಿದ. ಇಲ್ಲಿ ಒಂದೊಂದು ಪಾಯಿಂಟನ್ನೂ ಎಣಿಸಬೇಕು ಎಂದು ಕೆಳಮಹಡಿ ತಿಳಿದ. ಇಬ್ಬರೂ ಒಟ್ಟಿಗೆ ನುಗ್ಗಿ ಭುಜಕ್ಕೆ ಭುಜ ಡಿಕ್ಕಿ ಹೊಡೆದರು. ಮುಂದಿನ ಪಾಯಿಂಟಿಗೆ ಇಬ್ಬರೂ ಉದಾರವಾಗಿ ಹಿಂದೆ ಸರಿದರು.

ಪ್ರೇಕ್ಷಕರ ಸಾಲಿನಲ್ಲಿ ಹೆಣ್ಣುಮಕ್ಕಳ ಮಧ್ಯೆ ಕೂತಿದ್ದ ನನ್ನ ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಮತ್ತೆ ಚೆಂಡು ನಡುವೆ ಬರುತ್ತಿದ್ದಂತೆ ಎದ್ದು ನಿಂತು ಕೂಗಿದಳು:

"ಕೆಳಮಹಡೀ!"

ಸಂಬೋಧನೆ ಯಾರಿಗೆಂದು ಹಲ್ಲಿನ ಡಾಕ್ಟರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಹಾರಿ ಹೊಡೆದ. ಪಾಯಿಂಟ್ ನಮ್ಮದಾಯಿತು.

ಅದರ ಮುಂದಿನದಕ್ಕೆ, "ಮೇಲ್ಮಹಡೀ! ಓಡಪ್ಪಾ, ಓಡು!"

ಅದೂ ನಮ್ಮದೇ. ಅಂಪೈರ್ ಎತ್ತರದ ಕುರ್ಚಿಯಿಂದ ನನ್ನತ್ತ ಬಗ್ಗಿದರು. ಮೂರನೆಯ ದೇಶದಿಂದ ಬಂದಿದ್ದ, ಮೆತ್ತಗಿನ ದನಿಯ ಹೆಂಗಸು. "ನಾಯಕರೇ, ಆಟ ನಡೀತಿರುವಾಗ ನಿಮ್ಮ ಕಡೆಯವರು ಕೂಗಿದರೆ ಪಾಯಿಂಟ್ ಆ ಕಡೆಗೆ ಕೊಡಬೇಕಾಗುತ್ತೆ. ಆ ಹೆಂಗಸು ಯಾರು ಗೊತ್ತಾ ನಿಮಗೆ?"

"ಸ್ವಲ್ಪ ಪರಿಚಯ ಇದೆ" ಎಂದೆ.

ಹೆಂಡತಿಗೆ ಕೈಸನ್ನೆ ಮಾಡಿದೆ. ಅವಳು ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಕೂತಳು. ಎರಡು ಕಡೆಯಿಂದ ಹೆಣ್ಣುಮಕ್ಕಳು ಅವಳ ಭುಜ ಒತ್ತಿ ಹಿಡಿದರು.

ಇನ್ನೊಂದೇ ಪಾಯಿಂಟ್ ಸಾಕಿತ್ತು ನಮಗೆ. ಎದುರಾಳಿ ಚೆಂಡನ್ನು ಎತ್ತರಕ್ಕೆ ಎತ್ತಿ ಹೊಡೆದ. ಅದು ಮೇಲೆ ಹೋಗಿ, ಯೋಚನೆ ಮಾಡಿ, ನಮ್ಮ ಅಂಗಳದ ನಡುಮಧ್ಯಕ್ಕೆ ಇಳಿಯತೊಡಗಿತು. ಪ್ರೇಕ್ಷಕರ ಸಾಲಿನಿಂದ ಮುಚ್ಚಿದ ಪಾತ್ರೆಯೊಳಗಿನಿಂದ ಬಂದಂಥ ಒಂದು ಶಬ್ದ ಕೇಳಿತು, ಅಷ್ಟೇ. ಇಬ್ಬರೂ ಓಡಿದರು. ಇಬ್ಬರೂ ಕೈ ಎತ್ತಿದರು. ರ‍್ಯಾಕೆಟ್ಟಿಗೆ ರ‍್ಯಾಕೆಟ್ ತಾಗಿ ಟಪ್ ಎಂದಿತು. ಚೆಂಡು ಸೊರಗಿದಂತೆ ನೆಟ್ಟಿನ ಮೇಲೆ ಬಿದ್ದು, ಆ ಕಡೆಗೆ ಉರುಳಿ, ಸುಮ್ಮನಾಯಿತು.

ಎದುರು ತಂಡದ ನಾಯಕ ಕುರ್ಚಿ ಕೆಡವಿಕೊಂಡು ಎದ್ದ. "ಇಬ್ಬರೂ ಹೊಡೆದರು! ಪಾಯಿಂಟ್ ನಮ್ಮದು!"

ನಿಯಮ ಹಾಗೇ ಇದೆ. ಜೋಡಿಯಲ್ಲಿ ಒಬ್ಬನೇ ಚೆಂಡನ್ನು ಮುಟ್ಟಬೇಕು. ರ‍್ಯಾಕೆಟ್ ರ‍್ಯಾಕೆಟ್ಟಿಗೆ ತಾಗಿದರೆ ಪರವಾಗಿಲ್ಲ; ಚೆಂಡು ಎರಡಕ್ಕೂ ತಾಗಿದ್ದರೆ ಪಾಯಿಂಟ್ ಹೋಯಿತು. ಅಂಪೈರ್ ಇಬ್ಬರನ್ನೂ ಕುರ್ಚಿಯ ಬಳಿ ಕರೆದರು. "ನಾನು ಹೊಡೆದೆ" ಎಂದು ಇಬ್ಬರೂ ಹೇಳಿದರೆ ಕಥೆ ಮುಗಿಯಿತು. ಸ್ಟೇಷನ್ನಿನ ದಿನದಿಂದ ಇಬ್ಬರೂ ಒಂದಿಂಚೂ ಬಿಟ್ಟುಕೊಟ್ಟವರಲ್ಲ.

"ಹೊಡೆದವರು ಯಾರು?" ಎಂದರು ಅಂಪೈರ್.

"ಇವನು" ಎಂದ ಮೇಲ್ಮಹಡಿ.

"ಇವರು" ಎಂದ ಕೆಳಮಹಡಿ.

ಅಂಪೈರ್ ಕನ್ನಡಕ ತೆಗೆದರು. "ಅಂದರೆ ಇಬ್ಬರೂ ಹೊಡೆದಿಲ್ಲ. ಚೆಂಡು ತಾನಾಗೇ ಹೋಯಿತೇ?"

"ನಾನು ಕೊನೇ ಗಳಿಗೇಲಿ ಕೈ ಹಿಂದಕ್ಕೆ ಎಳ್ಕೊಂಡೆ ಮೇಡಂ. ಇವನೇ ಹೊಡೆದದ್ದು."

"ಸುಳ್ಳು ಭಾವ! ಕೈ ಎಳ್ಕೊಂಡಿದ್ದು ನಾನು. ನಿಮ್ಮ ರ‍್ಯಾಕೆಟ್ಟೇ ಮೇಲಿತ್ತು."

"ನಂದು ಮೇಲಿತ್ತು ಕಣೋ, ಆದ್ರೆ ತಾಗ್ಲಿಲ್ಲ!"

"ತಾಗ್ಲಿಲ್ಲ ಅಂದ್ರೆ ಟಪ್ ಅಂದಿದ್ದು ಏನು, ನನ್ನ ಹಲ್ಲಾ?"

"ನಿನ್ನ ಹಲ್ಲಿನ ವಿಷಯ ನನಗೇನು ಗೊತ್ತು? ಹೊಡೆದಿದೀಯ, ಒಪ್ಕೋ ಮಾರಾಯ!"

ಅವರು ಮಾತಾಡುತ್ತಿದ್ದರು. ಮುಖಕ್ಕೆ ಮುಖ ಕೊಟ್ಟು, ಕೈ ಬೀಸಿ, ಉಗುಳು ಹಾರಿಸಿ ಮಾತಾಡುತ್ತಿದ್ದರು. ನಾನು ಪಾಯಿಂಟನ್ನು ಮರೆತೇಬಿಟ್ಟೆ. ಪ್ರೇಕ್ಷಕರ ಸಾಲಿನಲ್ಲಿ ನನ್ನ ಹೆಂಡತಿ ಬಾಯಿಂದ ಸೆರಗು ತೆಗೆದು ಕಣ್ಣೊರೆಸಿಕೊಂಡಳು.

ಅಂಪೈರ್ ಅವರಿಬ್ಬರ ಜಗಳ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದ್ದನ್ನು ನಾನು ಕಾಲೇಜಿನಲ್ಲಿದ್ದಿದ್ದರೆ ಕಪ್ಪುಹಲಗೆಯ ಮೇಲೆ ಬರೆಸುತ್ತಿದ್ದೆ. "ಹೊಡೆದವರು ಯಾರು ಅನ್ನೋದರಲ್ಲಿ ಇಬ್ಬರ ಹೇಳಿಕೆ ಬೇರೆ ಬೇರೆ. ಒಬ್ಬರೇ ಹೊಡೆದದ್ದು ಅನ್ನೋದರಲ್ಲಿ ಇಬ್ಬರದೂ ಒಂದೇ. ನನಗೆ ಕೇಳಿಸಿದ್ದೂ ಒಂದೇ ಶಬ್ದ. ನಿಯಮಕ್ಕೆ ಅಷ್ಟು ಸಾಕು. ಪಾಯಿಂಟ್ ಇವರದು. ಪಂದ್ಯ ಮುಗಿಯಿತು."

ತೀರಾ ಹತ್ತಿರ ಹತ್ತಿರ ಆದ ಎರಡು ಶಬ್ದಗಳು ಕಿವಿಗೆ ಒಂದಾಗಿಯೇ ಕೇಳುತ್ತವೆ. ಇದನ್ನು ನಾನು ಎಷ್ಟೋ ತಂಡ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ. ಆದರೆ ಅಂಪೈರ್ ನನ್ನನ್ನು ಕೇಳಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲೂ ವಾದ ನಿಂತಿರಲಿಲ್ಲ. "ನಿಂದೇ ಕಣೋ." "ಆಣೆ ಮಾಡ್ತೀನಿ ಭಾವ, ನಿಮ್ಮದೇ." ನಾನು ಒಳಗೆ ಹೋದಾಗ ಮಾತ್ರ ಇಬ್ಬರೂ ಥಟ್ಟನೆ ನಿಲ್ಲಿಸಿ ನನ್ನತ್ತ ತಿರುಗಿದರು.

"ಮಾವ, ಈ ಮೇಲ್ಮಹಡಿ, ಕೆಳಮಹಡಿ ಅಂತ ಹೆಸರಿಟ್ಟಿದ್ದು ಯಾರು?"

"ಅದನ್ನ ನಿಮ್ಮ ಅತ್ತೇನೇ ಕೇಳ್ಬೇಕಪ್ಪ" ಎಂದು ಟವೆಲ್ ಹುಡುಕುವ ನೆಪದಲ್ಲಿ ಹೊರಗೆ ಬಂದೆ.

ಭಾನುವಾರ ಬಂತು. ಬಹಳ ಕಾಲದ ಮೇಲೆ ಒಂದೇ ಊಟದ ಭಾನುವಾರ. ನಾವು ಬೆಳಿಗ್ಗೆ ತಿಂಡಿಯನ್ನೂ ಬಿಟ್ಟು, ಬೆಲ್ಟಿನ ಹಳೆಯ ತೂತಿಗೆ ಗೌರವ ಕೊಟ್ಟು, ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋದೆವು. ಅಡುಗೆಮನೆ ತೊಳೆದಿಟ್ಟಂತಿತ್ತು. ಒಲೆಯ ಮೇಲೆ ಏನೂ ಇರಲಿಲ್ಲ.

"ಊಟ ಕೆಳಗಲ್ವಾ?" ಎಂದಳು ದೊಡ್ಡ ಮಗಳು. "ಇವತ್ತು ಅವರ ಮನೇಲೇ ಇರಲಿ, ಚಿಕ್ಕೋರಿಗೆ ಖುಷಿ ಆಗುತ್ತೆ ಅಂತ ನಾವೇ ಅಂದ್ಕೊಂಡ್ವಿ."

ಕೆಳಗೆ ಹೋದೆವು. ಚಿಕ್ಕಮಗಳು ತಲೆ ಬಾಚಿಕೊಂಡು, ಹೊಸ ಸೀರೆ ಉಟ್ಟು, ಮೇಲೆ ಹೊರಡಲು ಸಿದ್ಧಳಾಗಿ ನಿಂತಿದ್ದಳು. "ದೊಡ್ಡೋರ ಮನೇಲೇ ಮೊದಲು ಆಗ್ಲಿ, ಅದೇ ಮರ್ಯಾದೆ ಅಂತ ಇವರು ಅಂದ್ರಲ್ಲಪ್ಪಾ."

ಮೆಟ್ಟಿಲ ನಡುವೆ, ಮೇಲೂ ಅಲ್ಲದ ಕೆಳಗೂ ಅಲ್ಲದ ಜಾಗದಲ್ಲಿ, ಇಬ್ಬರು ಅಳಿಯಂದಿರೂ ಎದುರಾಬದುರಾದರು.

"ನೀನೇ ಕರೀತೀಯ ಅಂದ್ಕೊಂಡಿದ್ದೆ ಕಣೋ!"

"ನೀವು ಕರೀತೀರ ಅಂತ ನಾನು ಬೆಳಿಗ್ಗೆಯಿಂದ ಹಸ್ಕೊಂಡಿದೀನಿ ಭಾವ!"

ನನ್ನ ಹೆಂಡತಿ ಅಲ್ಲೇ ಒಂದು ಮೆಟ್ಟಿಲ ಮೇಲೆ ಕೂತಳು. ಅವಳ ಹೊಟ್ಟೆ ಗುರ್ ಎಂದದ್ದು ನನಗೂ ಕೇಳಿಸಿತು. ಮೇಲಿನಿಂದ ಬ್ರೆಡ್ ಬಂತು, ಕೆಳಗಿನಿಂದ ಬಾಳೆಹಣ್ಣು ಬಂತು. ಆರು ಜನವೂ ಮೆಟ್ಟಿಲ ಮೇಲೆ ಸಾಲಾಗಿ ಕೂತು ತಿಂದೆವು. ಬಾಳೆಹಣ್ಣಿನ ಸಿಪ್ಪೆಯನ್ನು ರ‍್ಯಾಕೆಟ್ಟಿನಂತೆ ಎತ್ತಿ ಹಿಡಿದು, ತನ್ನ ಕೈ ಎಷ್ಟು ಹಿಂದಕ್ಕೆ ಹೋಗಿತ್ತೆಂದು ಮೇಲ್ಮಹಡಿ ತೋರಿಸುತ್ತಿದ್ದ. ಇಲ್ಲ, ಇನ್ನೂ ಮುಂದಿತ್ತು ಎಂದು ಕೆಳಮಹಡಿ ಅವನ ಕೈಯನ್ನು ಹಿಡಿದು ಸರಿಪಡಿಸುತ್ತಿದ್ದ.

ನನಗೆ ಇನ್ನೂ ಹಸಿವಿತ್ತು. ಭಾನುವಾರ ಮಧ್ಯಾಹ್ನ ಹಸಿವೆಯಾಗಿ ಎಷ್ಟೋ ಕಾಲವಾಗಿತ್ತು.