ಮೊದಲು ಬೆರಳು, ಆಮೇಲೆ ಗನ್ನು

ಎರಡು ಕಡೆಯಿಂದ ಕೆಲಸಕ್ಕೆ ಕರೆದಿದ್ದಾರೆ ಅಂತ ಗೊತ್ತಾದ ದಿನದಿಂದ ನಮ್ಮನೇಲಿ ನನಗೆ ಹೊಸ ಅಳಿಯನ ಮರ್ಯಾದೆ. ಭಾಮೈದ ಅಂತೂ ದಿನಾ ಸಂಜೆ ಬಂದು ಕುರ್ಚಿ ಎಳ್ಕೊಂಡು ಕೂರೋನು. ನನ್ನ ಹಣೆಬರಹ ಬರೆಯೋ ಕೆಲಸ ಬ್ರಹ್ಮ ಇವನಿಗೇ ಒಪ್ಪಿಸಿ ರಜಾ ಹಾಕಿದ ಹಾಗೆ ಮಾತು.

"ಭಾವ, ಹೈವೇ ಪಕ್ಕದ ಶೋರೂಮೇ ಸರಿ. ಸಂಬಳ ಜಾಸ್ತಿ, ಎಸಿ ಊಟದ ಕೋಣೆ, ಹೊಸ ಹೊಸ ಕಾರು. ಕಣ್ಣು ಮುಚ್ಕೊಂಡು ಹೋಗಿ."

"ಸುಮ್ನಿರೋ, ದೊಡ್ಡ ಮನುಷ್ಯ," ಅಂತ ಇವಳು ಒಳಗಿಂದ. "ಹಿಂದಿನ ಬೀದೀದೇ ಸಾಕು. ಚಿಕ್ಕದಾದ್ರೂ ಗುರುತಿರೋ ಜಾಗ. ಮಧ್ಯಾಹ್ನ ಮನೇಗೆ ಬಂದು ಬಿಸಿಬಿಸಿ ಊಟ ಮಾಡಬಹುದು."

"ಯೋಚನೆ ಮಾಡ್ತೀನಿ," ಅಂದೆ ನಾನು. ಎಷ್ಟು ದಿನದಿಂದ ಅದೊಂದೇ ಮಾತು.

"ನೋಡಕ್ಕಾ, ಭಾವನಿಗೆ ಎಷ್ಟು ಜಂಬ! ಎರಡು ಕಡೆಯವರನ್ನೂ ಕಾಯಿಸ್ತಾ ಇದಾರೆ."

ಜಂಬವಂತೆ. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ. ಅದು ಅವನಿಗೇನು ಗೊತ್ತು?

ಮೀಸೆ ಚಿಗುರಿದಾಗಿಂದ ನಾನು ಒಂದೇ ಕಾರ್ ಶೋರೂಮಿನ ಸರ್ವಿಸ್ ಸೆಂಟರಿನಲ್ಲಿ ಟೆಕ್ನಿಷಿಯನ್. ಮಾಲೀಕ ಕಟ್ಟಡ ಮಾರಿಬಿಟ್ಟ, ತಿಂಗಳ ಕೊನೆಗೆ ಬಾಗಿಲು ಹಾಕೋದು ಅಂತಾಯ್ತು. ನನ್ನ ಕೆಲಸ ನೋಡಿದ್ದವರು ನನ್ನ ಹೆಸರು ಹೇಳಿದ್ರು, ಎರಡು ಶೋರೂಮಿನವರು ಕರೆದರು. ಅಲ್ಲೀತನಕ ಎಲ್ಲ ಸರಿ. ಸರಿ ಇಲ್ಲದ್ದು ನನ್ನ ಬಲಗೈ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೂ ಮರಗಟ್ಟಿವೆ. ಬಿಸಿ ಲೋಟ ಹಿಡಿದ್ರೆ ಬಿಸಿ ಗೊತ್ತಾಗಲ್ಲ, ಸೂಜಿ ಚುಚ್ಚಿದ್ರೆ ರಕ್ತ ನೋಡಿ ತಿಳ್ಕೋಬೇಕು. ಗುಟ್ಟಾಗಿ ಡಾಕ್ಟರ ಹತ್ರ ಹೋಗಿದ್ದೆ. "ಇಷ್ಟು ವರ್ಷ ನಟ್ಟು ಬಿಗಿಯೋ ಆ ಗಾಳಿ ಗನ್ನು ನಡುಗಿಸಿ ನಡುಗಿಸಿ ನರ ಸಾಯಿಸಿದೆ. ಬಿಟ್ಟರೆ ಉಳಿದ ಬೆರಳು ಉಳಿಯುತ್ತೆ. ಹೋಗಿದ್ದು ಬರಲ್ಲ," ಅಂದ್ರು. ಗನ್ನು ಬಿಟ್ಟು ನಾನೇನು ಮಾಡಲಿ? ಕೊಳಲು ಊದಲಾ?

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಮೊದಲು ಬೆರಳು, ಆಮೇಲೆ ಗನ್ನು. ಚಕ್ರದ ನಟ್ಟನ್ನ ಮೊದಲು ಬೆರಳಲ್ಲಿ ತಿರುಗಿಸಿ ಕೂರಿಸಬೇಕು. ನೆಟ್ಟಗೆ ಕೂತರೆ ಬೆಣ್ಣೇಲಿ ಜಾರಿದ ಹಾಗೆ ಹೋಗುತ್ತೆ. ಓರೆಯಾಗಿ ಕೂತರೆ ಚೂರು ಕಚ್ಚುತ್ತೆ. ಆ ಕಚ್ಚೋದು ಕಣ್ಣಿಗೆ ಕಾಣಲ್ಲ, ಬೆರಳಿಗೆ ಮಾತ್ರ ಗೊತ್ತು. ಅದು ತಿಳೀದೆ ಗನ್ನು ಹಾಕಿದ್ರೆ ಗನ್ನಿಗೇನು, ಓರೆ ಇದ್ದದ್ದನ್ನೂ ಕಬ್ಬಿಣ ಸೀಳಿಕೊಂಡು ಒಳಗೆ ನುಗ್ಗಿಸುತ್ತೆ. ನೋಡೋಕೆ ಗಟ್ಟಿಯಾಗಿರುತ್ತೆ. ಓಡ್ತಾ ಓಡ್ತಾ ಬಿಡುತ್ತೆ.

ವರ್ಷದಿಂದ ಎಡಗೈಯಲ್ಲಿ ಸಂಭಾಳಿಸ್ತಿದ್ದೆ. ಹಳೇ ಜಾಗ, ಯಾರೂ ಗಮನಿಸ್ತಿರಲಿಲ್ಲ. ಮನೇಲೂ ಯಾರಿಗೂ ಹೇಳಲಿಲ್ಲ. ಅದರ ಸಿಟ್ಟೆಲ್ಲ ಇವಳ ಮೇಲೆ. ಈಚೆಗೆ ಇವಳೊಂದು ಹೊಸ ಅಭ್ಯಾಸ ಶುರು ಮಾಡಿದ್ದಳು. ಒಗೆದ ಶರ್ಟಿಗೆ ಗುಂಡಿ ಹಾಕೇ ನೇತುಹಾಕೋದು, ಮೇಲಿನ ಎರಡು ಮಾತ್ರ ಬಿಟ್ಟು. "ಇದೇನೇ ಇದು, ಅಂಗಡಿ ಗೊಂಬೆಗೆ ಹಾಕಿದ ಹಾಗೆ? ಶರ್ಟು ನೇತುಹಾಕೋಕೂ ಬರಲ್ವಾ?" ಅಂತ ರೇಗ್ತಿದ್ದೆ. ಇವಳು ಮುಂದಿನ ಶರ್ಟು ಕೈಗೆ ತಗೊಳ್ಳೋಳು. ನಾನು ಗೊಣಗ್ತಾ ತಲೆ ಮೇಲಿಂದ ಎಳ್ಕೊಂಡು ಹೋಗೋನು.

ಕೊನೆಗೆ, ಹಳೇ ಕಡೆ ಕೆಲಸ ಮುಗಿದ ಮಾರನೇ ಬೆಳಿಗ್ಗೆ ಹೈವೇ ಶೋರೂಮಿಗೆ ಹೋದೆ. ಅವರದ್ದೊಂದು ನಿಯಮ, ಕೆಲಸದ ಆರ್ಡರು ಕೊಡೋ ಮುಂಚೆ ಒಂದು ದಿನ ಕೆಲಸ ಮಾಡಿ ತೋರಿಸಬೇಕು. ಒಳಗೆ ಕಾಲಿಟ್ಟರೆ ನೆಲ ಕನ್ನಡಿ. ಎಣ್ಣೆ ಚೆಲ್ಲಿದ್ರೂ ಕ್ಷಮೆ ಕೇಳಬೇಕು ಅನ್ನಿಸೋ ಅಷ್ಟು ಸ್ವಚ್ಛ. ಅಲ್ಲಿನ ಫೋರ್ಮನ್ ನರೆತ ತಲೆಯವರು, ಮಾತು ಕಮ್ಮಿ. ಲಿಫ್ಟಿನ ಮೇಲಿದ್ದ ಒಂದು ಕಾರು ತೋರಿಸಿ, "ಮುಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್ ಬದಲಾಯಿಸಿ ಕೊಡಿ," ಅಂದ್ರು.

ಪ್ಯಾಡು ಹಾಕೋದು ನನಗೇನು ದೊಡ್ಡ ವಿಷಯವೇ? ನಿದ್ದೆಗಣ್ಣಲ್ಲೂ ಹಾಕ್ತೀನಿ. ಒಂದು ಕಡೆ ಮುಗೀತು. ಇನ್ನೊಂದು ಕಡೆಯ ಚಕ್ರ ಎತ್ತಿ ಇಟ್ಟು ಎಡಗೈಯಲ್ಲಿ ನಟ್ಟು ಕೂರಿಸ್ತಾ ಬಂದೆ. ಕೊನೇದೊಂದು ಉಳಿದಾಗ ಫೋರ್ಮನ್ ಬಂದು ಪಕ್ಕದಲ್ಲಿ ನಿಂತರು.

"ನೀವು ಎಡಚರಾ?"

"ಇಲ್ಲ ಸಾರ್," ಅಂದುಬಿಟ್ಟೆ. ಹೌದು ಅಂದಿದ್ರೆ ಏನು ಗಂಟು ಹೋಗ್ತಿತ್ತು? ಬಾಯಿ ಮುಂದೆ ಓಡಿತು. ಅಂದಮೇಲೆ ತೋರಿಸಬೇಕಲ್ಲ, ನಟ್ಟನ್ನ ಬಲಗೈಗೆ ತಗೊಂಡು ತಿರುಗಿಸಿದೆ. ತಿರುಗಿತು. ಜಾರಿತೋ ಕಚ್ಚಿತೋ, ಆ ದೇವರಿಗೇ ಗೊತ್ತು. ಗನ್ನು ಹಾಕಿದೆ. ಗನ್ನಿನ ಸದ್ದು ಒಂದು ಕ್ಷಣ ಕಟ್ಟಿದ ಗಂಟಲಿನ ಹಾಗೆ ಬಿಗಿಯಿತು, ಆಮೇಲೆ ಸರಿಹೋಯ್ತು. ಟಾರ್ಕ್ ರೆಂಚು ಹಾಕಿದ್ರೆ ಅದೂ ಟಿಕ್ ಅಂತು, ಎಲ್ಲ ಗಟ್ಟಿ ಇದೆ ಅಂತ. ಆ ರೆಂಚು ಬಿಗಿ ಎಷ್ಟು ಅಂತ ಹೇಳುತ್ತೆ, ಓರೆಯೋ ನೆಟ್ಟಗೋ ಅಂತ ಹೇಳಲ್ಲ.

"ಕೈ ಚೆನ್ನಾಗಿದೆ," ಅಂದ್ರು ಫೋರ್ಮನ್. "ಒಂದನೇ ತಾರೀಕು ಬಂದುಬಿಡಿ."

ಕಾರು ಕೆಳಗಿಳಿಸಿದೆ. ಹಿಂದಿನ ಸೀಟಲ್ಲಿ ಮಗು ಕೂರಿಸೋ ಪುಟ್ಟ ಕುರ್ಚಿ, ಅದರ ಬೆಲ್ಟಿಗೆ ಒಂದು ಬಟ್ಟೆ ಆನೆ ಸಿಕ್ಕಿಸಿದ್ರು. ಆನೆಗೆ ಒಂದು ಕಿವಿ ಇಲ್ಲ, ಮಗು ಜಗಿದು ಜಗಿದು ಕಿತ್ತಿರಬೇಕು. ಥೂ, ನಾನ್ಯಾಕೆ ಒಳಗೆ ಇಣುಕಿದೆ?

ಕೈ ತೊಳೆಯೋಕೆ ಹೋದೆ. ಸೋಪು ತಿಕ್ಕಿದೆ, ತಿಕ್ಕಿದೆ. ಬಾಯಿ ಮುಚ್ಕೊಂಡಿದ್ರೆ ಕೆಲಸ ನಂದು. ಯಾರು ಕೇಳ್ತಾರೆ? ಆ ಸದ್ದು ಗಮನಿಸಿದ್ದು ನಾನೊಬ್ಬನೇ. ಕೈ ಒರೆಸಿಕೊಂಡು ವಾಪಸ್ ಬಂದೆ.

"ಸಾರ್, ಆ ಕಾರು ಕಳಿಸಬೇಡಿ. ಬಲಗಡೆ ಚಕ್ರದ ಒಂದು ನಟ್ಟು ಓರೆ ಕೂತಿದೆ."

ಅವರು ಕಾರನ್ನ ಮತ್ತೆ ಲಿಫ್ಟಿಗೆ ಏರಿಸಿದ್ರು. ತಾವೇ ಬಿಚ್ಚಿದ್ರು. ನಟ್ಟಿನ ಜೊತೆ ತೆಂಗಿನ ತುರಿ ಹಾಗೆ ಕಬ್ಬಿಣದ ಚೂರು ಉದುರಿತು. ಅದನ್ನ ನೋಡಿ, ನನ್ನ ಮುಖ ನೋಡಿ, ಜೇಬಿನಿಂದ ಏನೋ ತೆಗೆದ್ರು.

"ಕಣ್ಣು ಮುಚ್ಚಿ. ಬಲಗೈ ಕೊಡಿ. ಬೆರಳ ಮಧ್ಯೆ ಏನಿಟ್ಟಿದ್ದೀನಿ? ನಟ್ಟೋ, ವಾಷರೋ?"

ನಿಂತೆ. ಪಕ್ಕದಲ್ಲಿ ಯಾರೋ ಹಾರ್ನ್ ಹೊಡೆದು ಪರೀಕ್ಷೆ ಮಾಡ್ತಿದ್ರು.

"ವಾಷರ್."

"ಕಣ್ಣು ಬಿಡಿ."

ಬೆರಳ ಮಧ್ಯೆ ಏನೂ ಇರಲಿಲ್ಲ.

ಫೋರ್ಮನ್ ತಮ್ಮ ಕೈ ಚಾಚಿದ್ರು. ಎರಡು ಬೆರಳ ತುದಿ ಸುಣ್ಣದ ಹಾಗೆ ಬೆಳ್ಳಗೆ. "ನಂದು ಎರಡು ಹೋಗಿದೆ. ಅದಕ್ಕೇ ಕೋಟು ಹಾಕಿಸಿ ಕೂರಿಸಿದ್ದಾರೆ. ಇಂಥ ಕುರ್ಚಿ ಒಂದು ಶೋರೂಮಿಗೆ ಒಂದೇ ಇರೋದು, ಅದರಲ್ಲಿ ನಾನು ಕೂತಿದ್ದೀನಿ." ಕೈ ಜೇಬಿಗೆ ಹಾಕ್ಕೊಂಡು ಅಂದ್ರು, "ನಿಮ್ಮನ್ನ ತಗೊಳ್ಳೋಕೆ ಆಗಲ್ಲ. ಇನ್ನೊಂದು ಕಡೆಯವರೂ ನಿಮ್ಮನ್ನ ಕರೆದಿದ್ದಾರಂತೆ, ಅಲ್ಲಿ ಪರೀಕ್ಷೆ ಗಿರೀಕ್ಷೆ ಮಾಡಲ್ಲ ಅಂತ ಕೇಳಿದ್ದೀನಿ. ನಾನು ಯಾರಿಗೂ ಹೇಳೋಕೆ ಹೋಗಲ್ಲ. ನಿಮಗೆ ಬಿಟ್ಟಿದ್ದು."

ಬೈದಿದ್ರೆ ವಾಸಿ ಇತ್ತು. ತಿರುಗಿ ಬೈದು ಬರಬಹುದಿತ್ತು.

ಬಸ್ ಸ್ಟಾಪಿನಲ್ಲಿ ನಿಂತು ಹಿಂದಿನ ಬೀದಿ ಶೋರೂಮಿನ ಯಜಮಾನರಿಗೆ ಫೋನು ಮಾಡಿದೆ. ಅವರು ನನ್ನನ್ನ ಎಷ್ಟೋ ವರ್ಷದಿಂದ ಬಲ್ಲವರು. ಕಣ್ಣು ಮುಚ್ಚಿ ಚಕ್ರ ಒಪ್ಪಿಸ್ತಾರೆ, ಅದೇ ಭಯ. ಎಲ್ಲ ಕಾರಿನ ಹಿಂದಿನ ಸೀಟೂ ಖಾಲಿ ಇರುತ್ತಾ?

"ನಾನು ಬರೋಕಾಗಲ್ಲ ಯಜಮಾನ್ರೇ," ಅಂದೆ.

"ಓಹೋ! ದೊಡ್ಡ ಕಡೆ ದೊಡ್ಡ ಸಂಬಳ ಅಂತ ನಮ್ಮನ್ನ ಬಿಟ್ಟೆಯೇನಪ್ಪಾ? ಆಗಲಿ ಬಿಡು. ದುಡ್ಡು ಅಂದ್ರೆ ಹೆಣಾನೂ ಬಾಯಿ ಬಿಡುತ್ತೆ." ಪಟ್ ಅಂತ ಇಟ್ಟುಬಿಟ್ಟರು. ದುರಾಸೆಯವನು ಅನ್ನಿಸಿಕೊಳ್ಳೋದೇ ಮೇಲು ಅನ್ನಿಸಿತು. ಬಸ್ಸು ಬಂತು, ಹತ್ತಿದೆ.

ಮನೇಲಿ ಭಾಮೈದ ಕಾಯ್ತಾ ಇದ್ದ. "ಏನ್ ಭಾವ, ಯಾವುದು ಖಾಯಂ?"

"ಎದ್ದು ಮನೇಗೆ ಹೋಗೋ," ಅಂದೆ. ನನ್ನ ಮುಖ ನೋಡಿ, ಯಾವತ್ತೂ ಇಲ್ಲದ್ದು, ಎದ್ದು ಕುರ್ಚಿ ಅದರ ಜಾಗದಲ್ಲಿಟ್ಟು ಹೋದ.

ಇವಳು ಒಣಗಿದ ಬಟ್ಟೆ ರಾಶಿ ಮುಂದೆ ಕೂತಿದ್ದಳು. ನಾನೂ ನೆಲದ ಮೇಲೆ ಕೂತೆ. "ಎರಡೂ ಹೋಯ್ತು ಕಣೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಕೈ..." ಅಂದೆ.

"ಗೊತ್ತು," ಅಂದಳು.

"ಏನು ಗೊತ್ತು ನಿನಗೆ?"

ಅವಳು ತಲೆ ಎತ್ತಲಿಲ್ಲ. ತೊಡೆ ಮೇಲೆ ನನ್ನ ಕೆಲಸದ ಶರ್ಟು. ಕೆಳಗಿಂದ ಒಂದೊಂದೇ ಗುಂಡಿ ಹಾಕ್ತಾ ಬರ್ತಿದ್ದಳು. ಮೇಲಿನ ಎರಡು ಬಂದಾಗ ನಿಲ್ಲಿಸಿದಳು. ಮರಗಟ್ಟಿದ ಬೆರಳಿಗೆ ಗುಂಡಿ ಸಿಗಲ್ಲ ಅಂತಲೇ ಇದೆಲ್ಲ, ನನಗೆ ಆಗ ಹೊಳೀತು. ಎಂಥ ಕತ್ತೆ ನಾನು.

"ಗೊತ್ತಿದ್ದೂ ಹಿಂದಿನ ಬೀದೀದು ಸಾಕು ಅಂತ ದಿನಾ ಅವನ ಜೊತೆ ಜಗಳ ಆಡ್ತಿದ್ದೆಯಲ್ಲೇ?"

"ಎರಡು ಕಡೆಯವರು ಕರೀತಾ ಇದಾರೆ ಅಂತ ಎದೆ ಸೆಟೆಸ್ಕೊಂಡು ಓಡಾಡ್ತಿದ್ರಲ್ಲ ರೀ," ಅಂದಳು. "ನೋಡೋಕೆ ಚೆನ್ನಾಗಿತ್ತು. ಇನ್ನೊಂದು ನಾಲ್ಕು ದಿನ ಇರಲಿ ಅಂದ್ಕೊಂಡೆ."

ಶರ್ಟನ್ನ ಹ್ಯಾಂಗರಿಗೆ ಹಾಕಿದಳು. ನೇತುಹಾಕೋಕೆ ಅಂತ ಎದ್ದವಳು, ನಾಳೆಯಿಂದ ಇದು ಬೇಕಾಗಲ್ಲ ಅನ್ನೋದು ನೆನಪಾಗಿ, ಅದನ್ನ ಕೈಯಲ್ಲಿ ಹಿಡ್ಕೊಂಡು ಹಾಗೇ ನಿಂತಳು.